ಹಳೇ ಕಾರಿನ ಆಯಿಲ್ ಸೋರಿಕೆ: ಮೊದಲು ಬ್ರೀದರ್ ನೋಡಿ
ರಾಕರ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಹೊಸದು ಹಾಕಿದರೂ ಎಂಜಿನ್ ಹಿಂಬದಿ ಆಯಿಲ್ ತೊಟ್ಟಿಕ್ಕುತ್ತಿದೆ ಅಂದರೆ, ಬ್ರೀದರ್ (ಎಂಜಿನ್ ಒಳಗಿನ ಗಾಳಿ, ಹೊಗೆ ಹೊರಬಿಡುವ ಪೈಪ್) ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ಒಳಗಿನ ಒತ್ತಡ ಸಿಕ್ಕ ಸಂದಿಯಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಪೈಪ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಆಮೇಲೆ ತಣ್ಣಗಿರುವ ಎಂಜಿನ್ ಜಿಡ್ಡು ತೆಗೆದು, ಒರೆಸಿ, ಟಾಲ್ಕಂ ಪೌಡರ್ ಉದುರಿಸಿ. 10-15 ನಿಮಿಷ ಓಡಿಸಿ, ಆಫ್ ಮಾಡಿ ಟಾರ್ಚ್ ಬಿಡಿ. ಬಿಳಿ ಪುಡಿಯಲ್ಲಿ ಕಂದು ಗೆರೆ ಕಾಣುತ್ತದೆ. ಆ ಗೆರೆಯ ಮೇಲಿನ ತುದಿಯೇ ಸೋರಿಕೆಯ ಜಾಗ.

ಕವರ್ ಅಂಚಿನಿಂದ ಶುರುವಾಗಿದ್ದರೆ ಬೋಲ್ಟ್ ಸುಮ್ನೆ ಬಿಗಿ ಮಾಡಬೇಡಿ. ಕಾರ್ಕ್ ಗ್ಯಾಸ್ಕೆಟ್ ಹಿಂಡಿಹೋಗುತ್ತದೆ, ತಗಡಿನ ಅಂಚು ಬಾಗುತ್ತದೆ. ಅಂಚು ನೇರ ಮಾಡಿ ಹೊಸ ಕಾರ್ಕ್ ಕೂರಿಸಿ.

ಮೇಲೆಲ್ಲ ಒಣಗಿದ್ದು, ಎಂಜಿನ್-ಗೇರ್‌ಬಾಕ್ಸ್ ನಡುವಿನ ಕವಚವಾದ ಬೆಲ್‌ಹೌಸಿಂಗ್ ತೂತಿನಲ್ಲಿ ಮಾತ್ರ ಒದ್ದೆ ಇದ್ದರೆ ಬಹುಶಃ ಕ್ರ್ಯಾಂಕ್‌ಶಾಫ್ಟ್ (ಎಂಜಿನ್‌ನ ಮುಖ್ಯ ದಂಡ) ಹಿಂಬದಿಯ ಸೀಲ್ ಸೋರುತ್ತಿದೆ. ಗಂಧಕದ ವಾಸನೆ ಬಂದರೆ ಅದು ಗೇರ್ ಆಯಿಲ್ ಇರಬಹುದು. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕಾಗಬಹುದು, ಮೊದಲು ಖಚಿತಪಡಿಸಿಕೊಳ್ಳಿ.