ಹಪ್ಪಳದ ಡಬ್ಬಿಗೆ ಬೀಗ: ಒಂಬತ್ತು ವರ್ಷದ ಹುಡುಗನ ಹಸಿವು

(ಗುರುತು ಸಿಗದಂತೆ ಕೆಲವು ಸಂಗತಿಗಳನ್ನು ಬದಲಿಸಿದೆ.)

ಶಿರಸಿ ಸೀಮೆಯ ತೋಟದ ಮನೆ. ಮಾಣಿಗೆ ಒಂಬತ್ತು ವರ್ಷ. ಏಳರ ತನಕ ಎಲ್ಲ ಮಕ್ಕಳ ಹಾಗೆಯೇ ಇದ್ದವನು ಎರಡು ವರ್ಷದಲ್ಲಿ ದಪ್ಪಗಾದ. ಊಟ ಮುಗಿಸಿ ಎದ್ದ ಅರ್ಧ ಗಂಟೆಗೆ ಮತ್ತೆ ಅಡುಗೆಮನೆಯಲ್ಲಿ ಹಾಜರು. ಅಜ್ಜಿ ಹಪ್ಪಳದ ಡಬ್ಬಿ, ಬೆಲ್ಲ, ಬಾಳೆಕಾಯಿ ಚಿಪ್ಸ್ ಎಲ್ಲವನ್ನೂ ಕಪಾಟಿಗೆ ಸೇರಿಸಿ ಬೀಗ ಹಾಕಿದ್ದರು. ಬೆಳಿಗ್ಗೆ ಒಂದೇ ದೋಸೆ, ರಾತ್ರಿ ಬರೀ ಗಂಜಿ. "ಬಾಯಿ ಕಟ್ಟಲೆ ಬತ್ತಿಲ್ಲೆ ಇವಂಗೆ" ಎನ್ನುವುದು ಅವರ ತೀರ್ಪು.

ಅಪ್ಪನ ದಾರಿ ಬೇರೆ. ಮಿದುಳಿನಲ್ಲಿ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ ಎಂದು ವಾಟ್ಸಾಪಿನಲ್ಲಿ ಓದಿ, ಅದನ್ನು ಹೆಚ್ಚಿಸುತ್ತದೆ ಎನ್ನುವ ಕ್ಯಾಪ್ಸೂಲಿಗೆ ಆರ್ಡರ್ ಕೊಟ್ಟಾಗಿತ್ತು. ಅದರ ರಕ್ತಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಕೇಳಲು ನನ್ನ ಬಳಿ ಬಂದಿದ್ದರು. ಆಯಿ (ಹುಡುಗನ ಅಮ್ಮ) ಮಾತ್ರ, "ಬೀಗ ತೆಗೀಲಾ, ಬೇಡ್ದಾ, ಅದೊಂದು ಹೇಳಿ ಮೇಡಂ" ಎಂದರು.

ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಚಿತ್ರ ಬಿಡಿಸಲು ಹೇಳಿದೆ. ಕಂಪಾಸ್ ಬಾಕ್ಸ್ ತೆರೆದ. ಪೆನ್ಸಿಲಿನ ಅಡಿಯಲ್ಲಿ, ನೋಟ್‌ಬುಕ್ ಹಾಳೆಯಲ್ಲಿ ಸುತ್ತಿದ ಹಲಸಿನ ಹಪ್ಪಳದ ಚೂರುಗಳು. ಸುಟ್ಟದ್ದೂ ಅಲ್ಲ, ಕರಿದದ್ದೂ ಅಲ್ಲ, ಹಸಿಯವು. ಕಿವಿ ಕೆಂಪಾಯಿತು. ಬೀಗ ಬೀಳುವ ಮೊದಲು ತಾನು ಯಾವತ್ತೂ ಕದ್ದಿರಲಿಲ್ಲ ಎಂದ. ನನಗೆ ತೂಕಕ್ಕಿಂತ ಚಿಂತೆ ಹತ್ತಿದ್ದು ಈ ಮಾತಿಗೆ.

ಅಪ್ಪ ಓದಿದ್ದು ಪೂರ್ತಿ ಸುಳ್ಳಲ್ಲ. 1982ರಲ್ಲಿ ಇವ್-ಅಲೆಂ ಬಾರ್ದ್ ಮತ್ತು ಹಾನ್ಸ್ ಥೋನೆನ್ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಪ್ರೋಟೀನ್ ಈ ಬಿಡಿಎನ್‌ಎಫ್. ನರಕೋಶಗಳನ್ನು ಬದುಕಿಸಿ ಬೆಳೆಸುವುದು ಅದರ ಕೆಲಸ. ಮಿದುಳಿನ ಬುಡದಲ್ಲಿ ಬಾದಾಮಿ ಗಾತ್ರದ ಹೈಪೋಥಲಾಮಸ್ ಇದೆಯಲ್ಲ, ಅಲ್ಲಿ ಇದಕ್ಕೆ ಇನ್ನೊಂದು ಪಾತ್ರ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನ್ 'ದಾಸ್ತಾನು ಸಾಕಷ್ಟಿದೆ' ಎಂದು ತಿಳಿಸುತ್ತದೆ. ಆ ಸುದ್ದಿ ಕೋಶದಿಂದ ಕೋಶಕ್ಕೆ ದಾಟುವ ಹಾದಿಯಲ್ಲಿ ಬಿಡಿಎನ್‌ಎಫ್ ಕೂಡ ಒಂದು ಕೊಂಡಿ. ಕೊಂಡಿ ಸಡಿಲಾದರೆ ಹೊಟ್ಟೆ ತುಂಬಿದ್ದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. 2008ರಲ್ಲಿ ಡಬ್ಲ್ಯೂಎಜಿಆರ್ ಎಂಬ ಅಪರೂಪದ ಕಾಯಿಲೆಯವರ ಅಧ್ಯಯನವೊಂದು ಪ್ರಕಟವಾಯಿತು. ಬಿಡಿಎನ್‌ಎಫ್ ಜೀನಿನ ಒಂದು ಪ್ರತಿ ಇಲ್ಲದ ಮಕ್ಕಳೆಲ್ಲ ಹತ್ತು ವರ್ಷದೊಳಗೆ ಸ್ಥೂಲಕಾಯರಾಗಿದ್ದರು. ಎರಡೂ ಪ್ರತಿ ಇದ್ದವರಲ್ಲಿ ಹಾಗಾದವರು ಶೇ. 20 ಮಾತ್ರ. ಆ ಮಕ್ಕಳಿಗೆ "ಬಾಯಿ ಕಟ್ಟು" ಎಂದು ಹೇಳಿ ಏನು ಪ್ರಯೋಜನ?

ಆದರೆ ಕ್ಯಾಪ್ಸೂಲಿನ ಮಾತೇ ಬೇರೆ. ಬಿಡಿಎನ್‌ಎಫ್ ಒಂದು ಪ್ರೋಟೀನ್; ಅದನ್ನೇ ನುಂಗಿದರೆ ಬೇಳೆಯಂತೆ ಜೀರ್ಣವಾಗಿಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಸಿಗುವ ಅಂಕಿ ಬಹುಪಾಲು ಪ್ಲೇಟ್‌ಲೆಟ್‌ಗಳಿಂದ ಬಂದದ್ದು, ಹೈಪೋಥಲಾಮಸ್ ಒಳಗಿನ ಸ್ಥಿತಿಯನ್ನು ಅದು ಹೇಳದು. ನರಕೋಶಗಳನ್ನು ಪೋಷಿಸುವ ಇದೇ ಬಗೆಯ ಇನ್ನೊಂದು ಪ್ರೋಟೀನ್ ಸಿಎನ್‌ಟಿಎಫ್. ನರರೋಗಕ್ಕೆಂದು ಅದನ್ನು ಚುಚ್ಚಿದಾಗ ರೋಗಿಗಳ ತೂಕ ಇಳಿಯಿತು. ಆಮೇಲೆ ಅದನ್ನೇ ತುಸು ಮಾರ್ಪಡಿಸಿ ತೂಕ ಇಳಿಸುವ ಔಷಧಿ ಮಾಡಹೊರಟರೆ ಹೆಚ್ಚಿನವರ ದೇಹದಲ್ಲಿ ಅದರ ವಿರುದ್ಧವೇ ಪ್ರತಿಕಾಯ ಹುಟ್ಟಿತು. ದೊಡ್ಡ ಕಂಪನಿಯೇ ಕೈಬಿಟ್ಟ ದಾರಿ ಅದು. ಆರ್ಡರ್ ರದ್ದು ಮಾಡಿ ಎಂದೆ.

ಇನ್ನು ಬೀಗ. ಇದಕ್ಕೆ ನಾನು ಆ ದಿನವೇ ಉತ್ತರ ಕೊಡಲಿಲ್ಲ. ಎಷ್ಟು ತಿಂದರೂ ಹಸಿವು ತೀರದ ಪ್ರೇಡರ್-ವಿಲ್ಲಿ ಎಂಬ ಜನ್ಮಜಾತ ಸ್ಥಿತಿಯಲ್ಲಿ ಅಡುಗೆಮನೆಗೆ ಬೀಗ ಹಾಕಲು ವೈದ್ಯರೇ ಹೇಳುತ್ತಾರೆ, ಮಗುವಿಗೂ ಅದರಿಂದ ನೆಮ್ಮದಿ. ಹಾಗಾಗಿ ಮೊದಲು ಮಕ್ಕಳ ವೈದ್ಯರು. ಶಿಶುವಾಗಿದ್ದಾಗ ಹಾಲು ಕುಡಿಯಲಾಗದಷ್ಟು ಮೈ ಸಡಿಲವಿತ್ತೇ, ಐದರೊಳಗೇ ದಪ್ಪಗಾದನೇ, ಎತ್ತರ ನಿಂತಿದೆಯೇ, ಕಲಿಕೆ ಹಿಂದೆ ಬಿದ್ದಿದೆಯೇ, ಪೆಟ್ಟಾದರೂ ನೋವು ಗೊತ್ತಾಗುವುದಿಲ್ಲವೇ ಎಂದು ಬರೆದುಕೊಟ್ಟೆ. ಇವುಗಳಲ್ಲಿ ಯಾವುದಿದ್ದರೂ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಹಾರ್ಮೋನ್ ತಜ್ಞರನ್ನು ಕಾಣಬೇಕು. ಇವನಿಗೆ ಒಂದೂ ಇರಲಿಲ್ಲ, ಥೈರಾಯ್ಡ್ ಕೂಡ ಸರಿಯಿತ್ತು.

ಎರಡನೇ ಭೇಟಿಯಲ್ಲಿ ಹೇಳಿದೆ: ಬೀಗ ತೆಗೆಯಿರಿ, ಒಂದೇ ದೋಸೆಯ ಶಿಕ್ಷೆಯನ್ನೂ ನಿಲ್ಲಿಸಿ. ಊಟ ತೀರಾ ಕಡಿಮೆಯಾದಾಗ ಲೆಪ್ಟಿನ್ ಇಳಿಯುತ್ತದೆ. ಹೈಪೋಥಲಾಮಸ್ ಹಸಿವು ಕೆರಳಿಸುವ ಕೋಶಗಳನ್ನು ಎಬ್ಬಿಸಿ, ಥೈರಾಯ್ಡನ್ನು ಚುರುಕಾಗಿಡುವ ಟಿಆರ್‌ಎಚ್ ಹಾರ್ಮೋನನ್ನು ತಗ್ಗಿಸುತ್ತದೆ. ತಿನ್ನುವ ಆಸೆ ಹೆಚ್ಚು, ಮೈಯ ಖರ್ಚು ಕಡಿಮೆ. ಅಜ್ಜಿಯ ಉದ್ದೇಶ ಒಳ್ಳೆಯದೇ, ಲೆಕ್ಕ ತಿರುಗುಮುರುಗಾಗಿತ್ತು, ಅಷ್ಟೇ.

ಬೆಳಿಗ್ಗೆ ಹೊಟ್ಟೆತುಂಬ ತಿಂಡಿ. ಶಾಲೆಯಿಂದ ಬಂದೊಡನೆ ಬೇಯಿಸಿದ ಹೆಸರುಕಾಳೋ ಕಡಲೆಯೋ. ರಾತ್ರಿ ಗಂಜಿಯ ಜೊತೆ ಪಲ್ಯ, ತಂಬುಳಿ. ಹಪ್ಪಳ ಊಟದ ಹೊತ್ತಿಗೆ, ಮನೆಯವರಿಗೆಲ್ಲ ಒಂದೇ ಲೆಕ್ಕ, ಅಪ್ಪನಿಗೂ. ಚಿಪ್ಸ್ ಯಾರಿಗೂ ಬೇಡ, ತರಲೇಬೇಡಿ. ಮೊಬೈಲ್ ಒಂಬತ್ತಕ್ಕೆ ಬಂದ್, ಯಾಕೆಂದರೆ ನಿದ್ದೆಗೆಟ್ಟ ಮಕ್ಕಳಿಗೆ ಹಸಿವೂ ಹೆಚ್ಚು. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಹುಡುಗನ ಮೈ ಬಗ್ಗೆ ಆಡಿಕೊಂಡರೆ ಬಾಯಿ ಮುಚ್ಚಿಸುವ ಜವಾಬ್ದಾರಿ ಅಜ್ಜಿಯದು. ಈ ಕೆಲಸ ಅವರಿಗೆ ಹಿಡಿಸಿತು!

ನಾಲ್ಕು ತಿಂಗಳಾಯಿತು. ತೂಕ ಇಳಿದಿಲ್ಲ, ಏರುವುದು ನಿಂತಿದೆ, ಎತ್ತರ ಹೆಚ್ಚಿದೆ. ಬೆಳೆಯುವ ವಯಸ್ಸಿಗೆ ಸದ್ಯಕ್ಕೆ ಇಷ್ಟು ಸಾಕು ಎಂದಿದ್ದಾರೆ ವೈದ್ಯರು. ಅಪ್ಪ ಮಾತ್ರ ಚಿಪ್ಸ್ ಬಿಟ್ಟಿಲ್ಲವಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬರಲು ಆಯಿಗೆ ಹೇಳಿದ್ದೇನೆ.