ಡೌನ್‌ಲೋಡ್ ಆದರೆ ಸರಿ, ಮೇಲ್‌ನಲ್ಲಿ ಹೋದರೆ ಹಾಳು: ಪಿಡಿಎಫ್‌ಗೆ ಏನಾಗುತ್ತದೆ?

ಪ್ರಶ್ನೆ: ನಮ್ಮ ವೆಬ್ ಆ್ಯಪ್‌ನಲ್ಲಿ ಆರ್ಡರ್ ಆದ ಕೂಡಲೇ ರಸೀದಿಯ ಪಿಡಿಎಫ್ ತಯಾರಾಗುತ್ತದೆ. ಬ್ರೌಸರ್‌ನಲ್ಲಿ ಡೌನ್‌ಲೋಡ್ ಮಾಡಿದರೆ ಚೆನ್ನಾಗಿ ತೆರೆಯುತ್ತದೆ. ಮೇಲ್‌ಗೆ ಅಟ್ಯಾಚ್ ಮಾಡಿ ಕಳಿಸಿದರೆ ‘ಫೈಲ್ ಹಾಳಾಗಿದೆ’ ಎಂದು ಬರುತ್ತದೆ. ಮೊದಲು ಸರ್ವರ್ ಡಿಸ್ಕ್‌ನಲ್ಲಿ ಸೇವ್ ಮಾಡಿಕೊಂಡೇ ಕಳಿಸಬೇಕಾ?

ಉತ್ತರ: ಡಿಸ್ಕ್ ಬೇಕಿಲ್ಲ. ಪಿಡಿಎಫ್ ತಯಾರಿಸುವ ಲೈಬ್ರರಿ (ಸಿದ್ಧ ಕೋಡ್) ಕೊಡುವ ಬೈಟ್‌ಗಳನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಮೇಲ್ ಲೈಬ್ರರಿಗೆ ನೇರವಾಗಿ ಕೊಡಿ. ಡಿಸ್ಕ್‌ನಲ್ಲಿ ಎಲ್ಲರ ರಸೀದಿಗೂ ಒಂದೇ ಫೈಲ್ ಹೆಸರು ಇಟ್ಟರಂತೂ ಅಪಾಯ. ಇಬ್ಬರು ಒಂದೇ ಹೊತ್ತಿಗೆ ಆರ್ಡರ್ ಮಾಡಿದರೆ ಒಬ್ಬರ ವಿಳಾಸ, ಮೊತ್ತ ಎಲ್ಲಾ ಇನ್ನೊಬ್ಬರ ಇನ್‌ಬಾಕ್ಸ್ ಸೇರಬಹುದು. ಗ್ರಾಹಕರು ನಂಬಿ ಕೊಟ್ಟ ಮಾಹಿತಿ ಅದು.

ಈಗ ನಿಮ್ಮ ತೊಂದರೆ. ಕೋಡ್ ತಿದ್ದುವ ಮೊದಲು ಹಾಳಾದ ಅಟ್ಯಾಚ್‌ಮೆಂಟನ್ನು ಸೇವ್ ಮಾಡಿ, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಕಾರಣ ಅಲ್ಲೇ ಕಾಣುತ್ತದೆ. ಸರಿಯಾದ ಫೈಲ್‌ನ ಮೊದಲ ಸಾಲಿನಲ್ಲಿ ಪರ್ಸೆಂಟ್ ಗುರುತು, ಅದಕ್ಕಂಟಿಕೊಂಡು ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಅದರ ಬದಲು ಎಚ್‌ಟಿಎಂಎಲ್ ಕಂಡರೆ, ನೀವು ಕಳಿಸಿದ್ದು ಲಾಗಿನ್ ಪುಟ! ಆ್ಯಪ್ ತನ್ನದೇ ಡೌನ್‌ಲೋಡ್ ಲಿಂಕನ್ನು ಸರ್ವರ್‌ನಿಂದ ಕರೆದಾಗ ಬಳಕೆದಾರರ ಸೆಷನ್ ಕುಕಿ (ಲಾಗಿನ್ ಆಗಿದ್ದಾರೆ ಎಂದು ತೋರಿಸುವ ಗುರುತು) ಜೊತೆಗೆ ಹೋಗುವುದಿಲ್ಲ, ಅಲ್ವಾ? ಬ್ರೌಸರ್‌ನಲ್ಲಿ ಮಾತ್ರ ಸರಿಯಾಗಿ ಬರುವುದು ಅದಕ್ಕೇ. ಲಿಂಕ್ ಬಿಟ್ಟು, ಪಿಡಿಎಫ್ ತಯಾರಿಸುವ ಫಂಕ್ಷನ್ನನ್ನೇ ಕರೆಯಿರಿ.

ಫೈಲ್ ಖಾಲಿ ಇದೆಯಾ? ಸ್ಟ್ರೀಮ್‌ಗೆ (ಬೈಟ್‌ಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಜಾಗ) ಬರೆದು ಮುಗಿಸಿದಾಗ ಅದರ ಓದುವ ಸ್ಥಾನ ಕೊನೆಯಲ್ಲಿರುತ್ತದೆ. ಶುರುವಿಗೆ ತಂದು ಆಮೇಲೆ ಓದಿ. ಕೊನೆಯ ಭಾಗ ಮಾತ್ರ ಇಲ್ಲದಿದ್ದರೆ, ಡಾಕ್ಯುಮೆಂಟ್ ಕ್ಲೋಸ್ ಆಗುವ ಮೊದಲೇ ಬೈಟ್‌ಗಳನ್ನು ತೆಗೆದುಕೊಂಡಿದ್ದೀರಿ. ಫೈಲ್‌ನ ಯಾವ ಭಾಗ ಎಲ್ಲಿದೆ ಎಂದು ಹೇಳುವ ಒಳಗಿನ ಪಟ್ಟಿ ಸಾಮಾನ್ಯವಾಗಿ ಕ್ಲೋಸ್ ಮಾಡುವಾಗಲೇ ಬರೆಯಲ್ಪಡುತ್ತದೆ. ನಾಲ್ಕನೆಯ ಕಾರಣ ಸ್ವಲ್ಪ ಮೋಸದ್ದು: ಶುರು, ಕೊನೆ ಎರಡೂ ಸರಿ, ಆದರೆ ಸೈಜ್ ಮೂಲಕ್ಕಿಂತ ಜಾಸ್ತಿ. ಎಲ್ಲೋ ನಡುವೆ ಬೈಟ್‌ಗಳು ಸ್ಟ್ರಿಂಗ್ (ಪಠ್ಯ) ಆಗಿ, ಪಠ್ಯವನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿ ದಾಟಿ ಬಂದಿವೆ ಎಂದು ತಿಳಿಯಿರಿ. ಪಿಡಿಎಫ್ ಅನ್ನು ಎಲ್ಲಿಯೂ ಸ್ಟ್ರಿಂಗ್ ಮಾಡಬೇಡಿ.

ಫೈಲನ್ನು ಮೇಲ್‌ನಲ್ಲಿ ಸಾಗಿಸಲು ಅಕ್ಷರಗಳಾಗಿ ಬದಲಿಸುವ ಬೇಸ್64 ಕೆಲಸವನ್ನು ಮೇಲ್ ಲೈಬ್ರರಿಗೇ ಬಿಡಿ. ನೀವೂ ಒಮ್ಮೆ ಮಾಡಿ, ಅದೂ ಒಮ್ಮೆ ಮಾಡಿದರೆ ಫೈಲ್ ತೆರೆಯುವುದಿಲ್ಲ. ಬೇಸ್64ನಲ್ಲಿ 3 ಬೈಟ್ 4 ಆಗುತ್ತದೆ. ಹಾಗಾಗಿ 18 ಎಂಬಿ ಫೈಲ್ ಸುಮಾರು 24 ಎಂಬಿ ಆಗಿ ಹೋಗುತ್ತದೆ. ಸಾಮಾನ್ಯ ಜಿಮೇಲ್ ಖಾತೆಯಿಂದ ಕಳಿಸುವಾಗ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ. ರಸೀದಿಗೆ ಇದು ಚಿಂತೆಯಲ್ಲ, ಚಿತ್ರಗಳಿರುವ ದೊಡ್ಡ ವರದಿಗಳಿಗೆ ಲಿಂಕ್ ಕಳಿಸುವುದೇ ಮೇಲು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಆರ್ಡರ್ ಬಟನ್ ಒತ್ತಿದವರನ್ನು ಮೇಲ್ ಹೋಗುವ ತನಕ ಕಾಯಿಸಬೇಡಿ. ಕೆಲಸವನ್ನು ಕ್ಯೂಗೆ (ಕೆಲಸಗಳ ಸಾಲಿಗೆ) ಹಾಕಿ, ಹಿನ್ನೆಲೆಯಲ್ಲಿ ನಡೆಯಲಿ. ಮೇಲ್ ಸರ್ವರ್ ಕೈಕೊಟ್ಟರೆ ಮತ್ತೆ ಪ್ರಯತ್ನಿಸುವ ವ್ಯವಸ್ಥೆಯೂ ಇರಲಿ. ಆದರೆ ಯಾವ ಆರ್ಡರ್‌ನ ರಸೀದಿ ಹೋಯಿತು ಎಂದು ಡೇಟಾಬೇಸ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಒಂದೇ ರಸೀದಿ ಒಬ್ಬರಿಗೇ ಮತ್ತೆ ಮತ್ತೆ ಹೋಗಬಹುದು.