ಪ್ರತಿಕ್ರಿಯೆ: ನಾಲ್ಕು ಸಲ ದಾಳ ಹಾಕಿದರೆ ಆರು ಬೀಳುವ ಸಾಧ್ಯತೆ

ದಾಳವನ್ನು ನಾಲ್ಕು ಸಲ ಹಾಕಿದರೆ ಒಮ್ಮೆಯಾದರೂ ಆರು ಬೀಳುವ ಸಾಧ್ಯತೆ ಎಷ್ಟು, ಒಂದು ಸಲಕ್ಕೆ 1/6, ಹಾಗಾದರೆ ನಾಲ್ಕು ಸಲಕ್ಕೆ 4/6 ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಇದೇ ಲೆಕ್ಕ ಹಿಡಿದು ಹೋದರೆ ಆರು ಸಲ ಹಾಕಿದಾಗ ಆರು ಬೀಳಲೇಬೇಕು, ಏಳು ಸಲಕ್ಕೆ 7/6 ಆಗುತ್ತದೆ! ಆರು ಸಲ ಹಾಕಿಯೂ ಒಂದೂ ಆರು ಬೀಳದೆ ಕೈ ಹಿಸುಕಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ತಪ್ಪು ಎಲ್ಲಿದೆ ಅಂತ ಎರಡೇ ಸಲ ಹಾಕಿ ನೋಡೋಣ. ಒಟ್ಟು 36 ಜೋಡಿಗಳು. ಮೊದಲನೆಯದು ಆರು ಆಗಿರುವವು 6, ಎರಡನೆಯದು ಆರು ಆಗಿರುವವು 6. ಕೂಡಿಸಿದರೆ 12. ಆದರೆ ಎರಡೂ ಆರು ಬಿದ್ದ ಜೋಡಿಯನ್ನು ಎರಡು ಸಲ ಎಣಿಸಿಬಿಟ್ಟೆವು. ಸರಿಯಾದ ಉತ್ತರ 11/36.

ನಾಲ್ಕು ಸಲಕ್ಕೆ ಹೀಗೆ ಎಣಿಸುತ್ತಾ ಕೂತರೆ ತಲೆ ಕೆಡುತ್ತದೆ. ಸುಮ್ನೆ ಉಲ್ಟಾ ಯೋಚಿಸಿ: ಒಂದೂ ಆರು ಬೀಳದಿರುವ ಸಾಧ್ಯತೆ ಎಷ್ಟು? ಪ್ರತಿ ಸಲಕ್ಕೂ 5/6. ನಾಲ್ಕು ಸಲ ಗುಣಿಸಿದರೆ 625/1296. ಅದನ್ನು 1ರಿಂದ ಕಳೆಯಿರಿ. 671/1296, ಅಂದರೆ ಸುಮಾರು 51.8%. ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ.

ನೀವೊಬ್ಬರೇ ಎಡವಿದ್ದಲ್ಲ, ಬಿಡಿ. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಜೂಜಾಡುವವರಿಗೂ ಇಂಥದ್ದೇ ಗೊಂದಲ ಇತ್ತು. 4/6 ಮತ್ತು 24/36 ಒಂದೇ ಅಲ್ವಾ, ಹಾಗಾಗಿ ಎರಡು ದಾಳಗಳನ್ನು 24 ಸಲ ಹಾಕಿದರೆ ಒಮ್ಮೆಯಾದರೂ ಜೋಡಿ ಆರು ಬೀಳುವ ಸಾಧ್ಯತೆಯೂ ಅಷ್ಟೇ ಇರಬೇಕು ಅಂದುಕೊಂಡಿದ್ದರು. ಲೆಕ್ಕ ಹಾಕಿದರೆ 49.1%, ಅರ್ಧಕ್ಕಿಂತ ಕಡಿಮೆ! 1654ರಲ್ಲಿ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದ್ದು ಇಂಥ ಜೂಜಿನ ಲೆಕ್ಕಗಳನ್ನೇ.

ಎರಡು ದಾಳ ಒಂದು ಸಲ ಹಾಕಿದಾಗ ಜೋಡಿ ಆರು ಬೀಳದಿರುವ ಸಾಧ್ಯತೆ 35/36. ಅದನ್ನು 24 ಸಲ ಗುಣಿಸಿ, 1ರಿಂದ ಕಳೆದು ನೀವೇ ಪರೀಕ್ಷಿಸಿ. ಕ್ಯಾಲ್ಕುಲೇಟರ್ ಬಳಸಿ ಮಾತ್ರ.